ಒಂದೇ ಕಂಪ್ಯೂಟರ್ ಯಾಕೆ ನಿಧಾನ?

ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದೂರು ನಮ್ಮ ಸಿಂಧನೂರು. ಇಲ್ಲಿನ ರೈಸ್‌ಮಿಲ್ಲೊಂದರ ಆಫೀಸಿನಲ್ಲಿ ನಾಲ್ಕು ಕಂಪ್ಯೂಟರ್, ನಾಲ್ಕರಲ್ಲೂ ಅದೇ ಲೆಕ್ಕದ ಸಾಫ್ಟ್‌ವೇರ್. ಕಿಟಕಿ ಪಕ್ಕದ್ದು ಮಾತ್ರ ಮಧ್ಯಾಹ್ನವಾದರೆ ತೆವಳುತ್ತಿತ್ತು. ಭತ್ತ ತಂದ ರೈತರು ಬಿಲ್ಲಿಗಾಗಿ ಕಾಯಬೇಕು. ಎಲ್ಲರೂ ಸಾಫ್ಟ್‌ವೇರನ್ನೇ ಬೈದರು. ಉಳಿದ ಮೂರರಲ್ಲಿ ಚೆನ್ನಾಗಿಯೇ ಓಡುತ್ತಿದೆಯಲ್ಲ, ತಪ್ಪು ಅದರದ್ದು ಹೇಗಾದೀತು?

ಕಿಟಕಿ ಪಕ್ಕದ ಕಂಪ್ಯೂಟರಿನ ಮುಚ್ಚಳ ನಾನೇ ಬಿಚ್ಚಿದೆ. ಫ್ಯಾನಿನ ರೆಕ್ಕೆಗಳಿಗೆ ಹೊಟ್ಟಿನ ಧೂಳು ಕಂಬಳಿಯಂತೆ ಮೆತ್ತಿಕೊಂಡಿತ್ತು. ಗಾಳಿಯಾಡದೆ ಕಾದ ಪ್ರೊಸೆಸರ್, ಸುಟ್ಟುಹೋಗದಿರಲು ತಾನೇ ವೇಗ ತಗ್ಗಿಸುತ್ತದೆ. ಬ್ರಷ್ಷಿನಿಂದ ಧೂಳು ತೆಗೆದು, ಒಣಗಿದ ಥರ್ಮಲ್ ಪೇಸ್ಟ್ ಬದಲಿಸಿದೆ. ಸಂಜೆಯೊಳಗೆ ಬಿಲ್ಲುಗಳೆಲ್ಲ ಮುಗಿದವು.

ಸಿಂಧನೂರು, ಮಸ್ಕಿ, ಲಿಂಗಸುಗೂರಿನ ಗೆಳೆಯರೇ, ನಮ್ಮದು ಬಿಸಿಲು, ಧೂಳಿನ ಸೀಮೆ. ಹೊಸ ಕಂಪ್ಯೂಟರಿಗೆ ದುಡ್ಡು ಸುರಿಯುವ ಮುನ್ನ ಹಳೆಯದರ ಮುಚ್ಚಳ ಒಮ್ಮೆ ಬಿಚ್ಚಿ ನೋಡಿ.