ಬಯಲುಸೀಮೆಯ ಹಿತ್ತಿಲಿಗೆ ಒಪ್ಪುವ ಘಮ

ಶಿರಾ, ಪಾವಗಡ, ಮಧುಗಿರಿ, ಕೊರಟಗೆರೆ ಸೀಮೆಯಲ್ಲಿ ಹೊಸ ಮನೆ ಕಟ್ಟಿದವರು ಗೇಟಿನ ಪಕ್ಕ ಕಸಿ ಸಂಪಿಗೆ ನೆಡುವುದು ಈಗ ಸಾಮಾನ್ಯವಾಗಿದೆ. ಆದರೆ ಒಂದೆರಡು ಬೇಸಿಗೆ ಕಳೆಯುವಷ್ಟರಲ್ಲಿ ಅದರ ಎಳೆಯ ಎಲೆಗಳು ಹಳದಿಗೆ ತಿರುಗಿ, ನರಗಳಷ್ಟೇ ಹಸಿರಾಗಿ ಉಳಿದಿರುವುದನ್ನು ಎಷ್ಟೋ ಅಂಗಳಗಳಲ್ಲಿ ಕಾಣಬಹುದು. ಕೊಳವೆಬಾವಿಯ ಗಡಸು ನೀರು ಬಿದ್ದೂ ಬಿದ್ದೂ ಮಣ್ಣು ಕ್ಷಾರಗುಣಕ್ಕೆ ತಿರುಗಿದಾಗ, ಅದರಲ್ಲಿ ಕಬ್ಬಿಣಾಂಶವಿದ್ದರೂ ಬೇರಿಗೆ ದಕ್ಕದೆ ಈ ಬಾಧೆ ಬರುತ್ತದೆ. ತೇವವನ್ನೂ ತುಸು ಹುಳಿಗುಣದ ಮಣ್ಣನ್ನೂ ಬಯಸುವ ಮರವನ್ನು ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆಯ ನಾಡಿನಲ್ಲಿ "ಎಲ್ಲಿ ಬೇಕಾದರೂ ಬರುತ್ತದೆ" ಎಂದು ಮಾರುವುದು ಗಿಡಕ್ಕೂ ಕೊಂಡವರಿಗೂ ಮಾಡುವ ಅನ್ಯಾಯ.

ಈ ಕೆಂಪು ಮಣ್ಣಿಗೆ ಒಗ್ಗುವ ಗಿಡ ದುಂಡುಮಲ್ಲಿಗೆ. ಅದರ ಗುಟ್ಟು ನೀರು ಹಾಯಿಸುವುದರಲ್ಲಿಲ್ಲ, ನಿಲ್ಲಿಸುವುದರಲ್ಲಿದೆ. ಕಾರ್ತಿಕ ಕಳೆಯುತ್ತಲೇ ಪಾತಿಗೆ ನೀರು ಬಿಡುವುದನ್ನು ನಿಲ್ಲಿಸಿ, ಗಿಡ ಬಾಡಿ ಎಲೆ ಉದುರಿಸತೊಡಗಿದಾಗ ಒಣರೆಂಬೆಗಳನ್ನು ತೆಗೆದು, ಉಳಿದುದನ್ನು ಮೊಣಕಾಲೆತ್ತರಕ್ಕೆ ಸವರಿ, ಬುಡ ಬಿಡಿಸಿ ಕೊಟ್ಟಿಗೆ ಗೊಬ್ಬರ ಕೊಟ್ಟು ಮತ್ತೆ ನೀರುಣಿಸಿದರೆ, ಹೊಸ ಚಿಗುರಿನ ತುದಿಯಲ್ಲಿಯೇ ಮೊಗ್ಗು ಕಟ್ಟುವ ಸ್ವಭಾವದ ಈ ಗಿಡ ಶಿವರಾತ್ರಿಯ ಆಸುಪಾಸಿನಿಂದ ಬೇಸಿಗೆಯುದ್ದಕ್ಕೂ ಹೂ ಕೊಡುತ್ತದೆ. ಕತ್ತರಿ ಹಾಕಲು ಮನಸ್ಸು ಬಾರದೆ, ವರ್ಷವಿಡೀ ಬಚ್ಚಲ ನೀರು ಹರಿಯಬಿಟ್ಟು ಸೊಪ್ಪು ಬೆಳೆಸಿ, "ನಮ್ಮ ಮಲ್ಲಿಗೆ ಹೂ ಬಿಡುವುದಿಲ್ಲ" ಎಂದು ಕೊರಗುವವರದು ಗಿಡದ ಮೇಲಿನ ಮಮತೆಯಲ್ಲ, ಸೋಮಾರಿತನ. ರಾತ್ರಿರಾಣಿಯನ್ನು ಮಲಗುವ ಕೋಣೆಯ ಕಿಟಕಿಗೇ ತಾಗಿಸಿ ನೆಟ್ಟು, ತಲೆನೋವೆಂದು ಮರುವರ್ಷ ಬುಡಸಮೇತ ಕಡಿಯುವವರ ವಿಷಯದಲ್ಲಂತೂ ತಾಳ್ಮೆ ಉಳಿಯುವುದಿಲ್ಲ; ಇರುಳಲ್ಲಿ ಹಾರುವ ಪತಂಗಗಳನ್ನು ದೂರದಿಂದ ಕರೆಯಲೆಂದೇ ಅಷ್ಟು ಘಾಟಾಗಿ ಸೂಸುವ ಹೂವಿಗೆ ಹಿತ್ತಿಲ ಕೊನೆಯ ಮೂಲೆಯೇ ಸರಿಯಾದ ಜಾಗವೆಂಬುದು ನೆಡುವ ಮುನ್ನವೇ ಹೊಳೆಯಬೇಕಾಗಿತ್ತು.

ತೋಟಗಾರಿಕೆ ಈ ಸೀಮೆಗೆ ಹೊಸದೇನಲ್ಲ. 1687ರಲ್ಲಿ ಮೊಘಲರ ವಶವಾಗಿ ಸುಬಾ, ಅಂದರೆ ಪ್ರಾಂತ್ಯದ ಕೇಂದ್ರವಾದ ಶಿರಾದಲ್ಲಿದ್ದ ಖಾನ್ ಬಾಗ್ ತೋಟವೇ, 1760ರಲ್ಲಿ ಹೈದರಾಲಿ ಬೆಂಗಳೂರಿನಲ್ಲಿ ಆರಂಭಿಸಿದ ಲಾಲ್‌ಬಾಗಿಗೆ ಮಾದರಿಯಾಯಿತೆಂದು ಹೇಳುತ್ತಾರೆ. ಅಂಥ ಊರಿನ ಸುತ್ತಲಿನ ಹಿತ್ತಿಲುಗಳಲ್ಲಿ ಇಂದು ಘಮವಿಲ್ಲದ ಕನಕಾಂಬರವೂ ಹೆಸರಿಗಷ್ಟೇ ಮಲ್ಲಿಗೆಯಾದ ಕಾಕಡವೂ ತುಂಬಿಕೊಂಡು, ಅವುಗಳ ನಡುವೆ ಸೇರಿಸಿ ಕಟ್ಟುತ್ತಿದ್ದ ದವನ, ಮರುಗಗಳು ಕಾಣೆಯಾಗುತ್ತಿರುವುದು ದೊಡ್ಡ ನಷ್ಟ. ಹೂವಿನ ಕಂಪು ಅರಳಿದ ಹೊತ್ತಿಗೆ ಗಾಳಿಗೆ ಸೇರಿ ಮುಗಿದರೆ, ಇವುಗಳ ತೈಲವು ಎಲೆಯ ಮೇಲಿನ ಸೂಕ್ಷ್ಮ ಗ್ರಂಥಿಗಳಲ್ಲಿ ಶೇಖರವಾಗಿರುವುದರಿಂದ, ಬೆರಳಲ್ಲಿ ಉಜ್ಜಿದಾಗ ಬಿಡುಗಡೆಯಾಗುತ್ತದೆ. ಒಣಗಿದ ದವನದ ಕಡ್ಡಿ ಕೂಡ ಬಹುಕಾಲ ಘಮಘಮಿಸುತ್ತದೆ. ನಾಲ್ಕೈದು ತಿಂಗಳಲ್ಲಿ ಮುಗಿಯುವ ಈ ಬೆಳೆಗೆ ಚಳಿಗಾಲದ ಒಣಹವೆ ಹಿತ, ಹೆಚ್ಚು ಮಳೆ ಮಾರಕ. ಈ ಸೀಮೆಗೆ ಇದಕ್ಕಿಂತ ಒಪ್ಪುವ ಸುಗಂಧದ ಗಿಡ ಇನ್ನೊಂದಿಲ್ಲ. ಹಳೆಯ ಬೀಜ ಮೊಳೆಯುವುದು ಕಷ್ಟವಾದ್ದರಿಂದ ಆಯಾ ವರ್ಷದ್ದನ್ನೇ ಹುಡುಕಿ ತರಬೇಕು. ಅದು ಧೂಳಿನಷ್ಟು ಸಣ್ಣದಾದುದರಿಂದ ಮರಳಿನೊಡನೆ ಬೆರೆಸಿ ಎರಚಿ, ಬಿರುಸಾಗಿ ಸುರಿಯದೆ ಹನಿಹನಿಯಾಗಿ ನೀರು ಚಿಮುಕಿಸಬೇಕು.