ಮೀಟರು ತೋರಿಸದ ವೆಚ್ಚ

ಯುಗಾದಿಯ ದಿನ ಬೇವು-ಬೆಲ್ಲ ಸವಿದು ಹೊಸ ವರುಷದ ಸಂಕಲ್ಪಗಳನ್ನು ಮಾಡದವರು ವಿರಳ. ಅವುಗಳಲ್ಲಿ ಬಹಳಷ್ಟು ವೈಶಾಖಮಾಸ ಕಾಲಿಡುವ ಮುನ್ನವೇ ಮರೆತುಹೋಗುವುವೆಂಬುದೂ ಎಲ್ಲರೂ ಬಲ್ಲ ಮಾತೇ. ಸಂಕಲ್ಪವು ನಿಲ್ಲಬೇಕಾದರೆ ಅದಕ್ಕೆ ಲೆಕ್ಕದ ಆಧಾರವಿರಬೇಕು. ಲೆಕ್ಕವು ಸರಿಯಾಗಬೇಕಾದರೆ ಏನನ್ನು ಎಣಿಸಬೇಕೆಂಬ ವಿವೇಕವಿರಬೇಕು. ಧಾರವಾಡ ಜಿಲ್ಲೆಯ ಒಂದು ಊರಿನಲ್ಲಿ ನಿವೃತ್ತ ವಿಜ್ಞಾನ ಶಿಕ್ಷಕರೊಬ್ಬರು ತಮ್ಮ ಮನೆಯ ಇಂಧನ ಮತ್ತು ವಿದ್ಯುತ್ತಿನ ವೆಚ್ಚವನ್ನು ಮಿತಗೊಳಿಸಲು ಹೂಡಿದ ಯೋಜನೆಯು ಈ ಮಾತಿಗೆ ಒಂದು ನಿದರ್ಶನವಾಗಿದೆ.

ಮಾಸ್ತರರು ಮೂವತ್ತು ವರುಷಗಳ ಕಾಲ ಪ್ರೌಢಶಾಲೆಯಲ್ಲಿ ಉಷ್ಣವಹನ, ಉಷ್ಣಸಂವಹನ, ಉಷ್ಣವಿಕಿರಣಗಳ ಪಾಠವನ್ನು ಕಪ್ಪು ಹಲಗೆಯ ಮೇಲೆ ಚಿತ್ರ ಬರೆದು ಬೋಧಿಸಿದವರು. ನಿವೃತ್ತರಾದ ಮೇಲೆ, ಮಕ್ಕಳಿಗೆ ಹೇಳಿದ್ದನ್ನು ಮನೆಯಲ್ಲಿ ಎಷ್ಟರಮಟ್ಟಿಗೆ ಆಚರಿಸಿದ್ದೇನೆಂಬ ಪ್ರಶ್ನೆ ಅವರನ್ನು ಕಾಡತೊಡಗಿತು. ಆ ವರುಷದ ಫಾಲ್ಗುಣಮಾಸದ ಮೊದಲ ದಿನದಿಂದಲೇ ಪ್ರತಿ ಮುಂಜಾನೆ ಏಳು ಗಂಟೆಗೆ ವಿದ್ಯುತ್ ಮೀಟರಿನ ಅಂಕಿಯನ್ನು ಒಂದು ಹಳೆಯ ವಹಿಯಲ್ಲಿ ಬರೆದಿಡಲಾರಂಭಿಸಿದರು. ಪ್ರತಿಯೊಂದು ಉಪಕರಣದ ವ್ಯಾಟ್ ಎಷ್ಟು, ಅದು ದಿನಕ್ಕೆ ಎಷ್ಟು ತಾಸು ನಡೆಯುತ್ತದೆ ಎಂಬುದನ್ನು ಬರೆದು, ಎರಡನ್ನೂ ಗುಣಿಸಿ ೧೦೦೦ದಿಂದ ಭಾಗಿಸಿದರೆ ಯೂನಿಟ್ಟು ದೊರೆಯುವುದಷ್ಟೆ. ಮೊಮ್ಮಗನೇ ಈ ಕಾರ್ಯದಲ್ಲಿ ಅವರ ಸಹಾಯಕ.

ಒಂದು ತಿಂಗಳ ಲೆಕ್ಕವು ಅನೇಕ ಸಂಗತಿಗಳನ್ನು ಬೆಳಕಿಗೆ ತಂದಿತು. ಪಡಸಾಲೆಯಲ್ಲೂ ಹಿತ್ತಲಿನಲ್ಲೂ ಉಳಿದುಕೊಂಡಿದ್ದ ೬೦ ವ್ಯಾಟಿನ ಎರಡು ಹಳೆಯ ಬಲ್ಬುಗಳು ದಿನಕ್ಕೆ ಐದು ತಾಸು ಉರಿದು ತಿಂಗಳಿಗೆ ೧೮ ಯೂನಿಟ್ಟು ನುಂಗುತ್ತಿದ್ದವು. ಅಷ್ಟೇ ಬೆಳಕನ್ನು ಕೊಡುವ ೯ ವ್ಯಾಟಿನ ಎಲ್.ಇ.ಡಿ. ದೀಪಗಳಾದರೆ ೩ ಯೂನಿಟ್ಟೂ ಬೇಕಿಲ್ಲ. ಹಳೆಯ ಫ್ಯಾನು ಸುಮಾರು ೭೫ ವ್ಯಾಟು ಬೇಡಿದರೆ, ಬಿ.ಎಲ್.ಡಿ.ಸಿ. ಮೋಟಾರಿನ ಹೊಸ ಫ್ಯಾನು ೩೦ ವ್ಯಾಟಿನ ಆಸುಪಾಸಿನಲ್ಲಿ ಅದೇ ಗಾಳಿಯನ್ನು ಬೀಸುತ್ತದೆ. ಫ್ರಿಜ್ಜಿನ ಬಾಗಿಲಿನಲ್ಲಿ ಕಾಗದದ ಚೂರೊಂದನ್ನಿಟ್ಟು ಮುಚ್ಚಿ ಎಳೆದಾಗ ಅದು ಸಲೀಸಾಗಿ ಹೊರಬಂದಿತು. ಬಾಗಿಲಿನ ರಬ್ಬರು ಸವೆದಿರುವುದಕ್ಕೆ ಬೇರೆ ಸಾಕ್ಷ್ಯ ಬೇಕಿರಲಿಲ್ಲ.

ಯುಗಾದಿಯ ಹಿಂದಿನ ಸಂಜೆ ಮಾಸ್ತರರು ಹೊಸ ವರುಷದ ಕಾರ್ಯಕ್ರಮವನ್ನು ಅಂದವಾದ ಅಕ್ಷರಗಳಲ್ಲಿ ಬರೆದರು. ಮೊದಲನೆಯದು ದೀಪಗಳ ಬದಲಾವಣೆ. ಎರಡನೆಯದು ಫ್ರಿಜ್ಜಿನ ರಬ್ಬರನ್ನು ಬದಲಿಸಿ ಅದನ್ನು ಗೋಡೆಯಿಂದ ಒಂದು ಗೇಣು ಈಚೆಗೆ ಸರಿಸುವುದು. ಮೂರನೆಯದು, ಬಿಸಿಲಿನ ಝಳ ಮಾಳಿಗೆಯ ಸಿಮೆಂಟನ್ನು ಕಾಯಿಸುವ ಮುನ್ನ ಅದರ ಮೇಲೆ ಎರಡು ಸಲ ಸುಣ್ಣ ಬಳಿಯುವುದು. ಬಿಳಿಯ ಮೈ ಬಿಸಿಲನ್ನು ಹಿಂದಿರುಗಿಸುವುದರಿಂದ ಕೆಳಗಿನ ಕೋಣೆ ತಂಪಾಗಿ ಫ್ಯಾನಿನ ಅಗತ್ಯವೇ ಕಡಿಮೆಯಾದೀತು. ನಾಲ್ಕನೆಯದು, ಹಣ ಕೂಡಿದಂತೆ ವರುಷಕ್ಕೊಂದು ಫ್ಯಾನನ್ನು ಬದಲಿಸುವುದು. ವೈರಿಂಗಿನ ಕೆಲಸಕ್ಕೆ ತಾವು ಕೈಹಾಕದೆ ವೈರ್‌ಮನ್ನನನ್ನೇ ಕರೆಯಬೇಕೆಂದೂ ಕೆಳಗೆ ಬರೆದಿದ್ದರು. ಉಳಿತಾಯದ ಒಟ್ಟು ಮೊತ್ತದ ಕೆಳಗೆ ಎರಡು ಗೆರೆ ಎಳೆದು ವಹಿಯನ್ನು ಧರ್ಮಪತ್ನಿಯವರ ಮುಂದಿಟ್ಟರು.

ಆ ತಾಯಿ ಕನ್ನಡಕ ಹಾಕಿಕೊಂಡು ಸಾವಧಾನವಾಗಿ ಓದಿದರು. ಓದಿ ಮುಗಿಸಿ, "ಎಲ್ಲಾ ಬರದೀರಿ. ಬಚ್ಚಲದಾಗಿನ ಒಲಿ ಎಲ್ಲೈತ್ರಿ?" ಎಂದು ಕೇಳಿದರು.

"ಅದಕ್ಕೇನು ಬಿಲ್ಲು ಬರ್ತೈತೇನು? ಹತ್ತಿಕಟಗಿ ನಮ್ಮ ಹೊಲದ್ದೇ ಐತಲ್ಲ" ಎಂದರು ಮಾಸ್ತರರು.

"ಬಿಲ್ಲು ಬರ್ತೈತ್ರಿ. ನನ್ನ ಎದಿಗೆ ಬರ್ತೈತಿ."

ಮಾಸ್ತರರು ನಿರುತ್ತರರಾದರು. ಹಿಂದಿನ ಚಳಿಗಾಲದಲ್ಲಿ ಮಡದಿಯ ಕೆಮ್ಮು ತಿಂಗಳುಗಟ್ಟಲೆ ನಿಲ್ಲದಿದ್ದಾಗ ದವಾಖಾನೆಗೆ ಕರೆದೊಯ್ದವರು ಅವರೇ. ಹೊಗೆಯಿಂದ ದೂರವಿರಬೇಕೆಂದು ವೈದ್ಯರು ಹೇಳಿದ್ದನ್ನು ಕೇಳಿ ತಲೆದೂಗಿದವರೂ ಅವರೇ. ಅಡುಗೆಗೆ ಗ್ಯಾಸು ಬಂದು ಎಷ್ಟೋ ವರುಷಗಳಾಗಿದ್ದರೂ ಮನೆಮಂದಿಯ ಸ್ನಾನದ ನೀರು ಹಂಡೆಯಲ್ಲೇ ಕಾಯುತ್ತಿತ್ತು. ನಸುಕಿನಲ್ಲೆದ್ದು ಆ ಒಲೆಯ ಬಾಯಿಗೆ ಕಟ್ಟಿಗೆ ಒಡ್ಡಿ ಊದುತ್ತಿದ್ದವರು ಆಕೆ. ಒಂದು ತಿಂಗಳ ಶ್ರಮದ ಲೆಕ್ಕದಲ್ಲಿ ಆ ಒಲೆಗೆ ಒಂದು ಸಾಲೂ ದೊರೆತಿರಲಿಲ್ಲ. ಮೀಟರು ಎಣಿಸಿದ್ದನ್ನಷ್ಟೇ ಅವರೂ ಎಣಿಸಿದ್ದರು.

ಈ ಮರೆವು ಮಾಸ್ತರರೊಬ್ಬರದೇ ಅಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ ೧೯೭೪ರಲ್ಲಿ 'ಅಸ್ತ್ರ' ಎಂಬ ವಿಭಾಗವು ಗ್ರಾಮೀಣ ತಂತ್ರಜ್ಞಾನಕ್ಕಾಗಿಯೇ ಆರಂಭವಾಯಿತು. ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ ಅವರು ಶಕ್ತಿಯ ಬಳಕೆಯನ್ನು ಮನೆಮನೆಯಲ್ಲೂ ಅಳೆದು ನೋಡಿದಾಗ, ಅದರ ಬಹುಪಾಲು ಸೌದೆಯದೇ ಎಂಬುದು ಸ್ಪಷ್ಟವಾಯಿತು. ತೆರೆದ ಒಲೆಯಲ್ಲಿ ಉರಿಯುವ ಸೌದೆಯ ಶಾಖದಲ್ಲಿ ಹೆಚ್ಚಿನ ಪಾಲು ಪಾತ್ರೆಗೆ ಮುಟ್ಟದೆ ಗಾಳಿಗೂ ಗೋಡೆಗೂ ಹೋಗುತ್ತದೆ. ಆ ವಿಜ್ಞಾನಿಗಳು ರೂಪಿಸಿದ, ಮೂರು ಪಾತ್ರೆಗಳನ್ನಿಡಬಹುದಾದ ಅಸ್ತ್ರ ಒಲೆಯ ಗುಟ್ಟು ಸರಳವಾದದ್ದು: ಉರಿಯ ಗೂಡಿಗೆ ಬಾಗಿಲು, ಕೆಳಗಿನಿಂದ ಗಾಳಿಯಾಡಲು ಸರಳುಗಳ ಜಾಲರಿ, ಹೊಗೆಯನ್ನು ಹೊರಗೊಯ್ಯಲು ಕೊಳವೆ.

ಮಾಸ್ತರರು ಎಳೆದಿದ್ದ ಎರಡು ಗೆರೆಗಳನ್ನು ಹೊಡೆದುಹಾಕಿ, ವಹಿಯ ಹೊಸ ಪುಟದಲ್ಲಿ 'ಒಂದು: ಬಚ್ಚಲೊಲೆ' ಎಂದು ಬರೆದರು. ಯುಗಾದಿಯ ಮರುದಿನವೇ ಕೆಲಸ ಮೊದಲಾಯಿತು. ಮೊಮ್ಮಗನು ಮಣ್ಣು, ಹೊಟ್ಟು, ಸಗಣಿಗಳನ್ನು ಕಲಸಿ ತುಳಿದು ಹದಮಾಡಿದನು. ಹಂಡೆಗೂ ಒಲೆಯ ಗೋಡೆಗೂ ನಡುವೆ ಇದ್ದ ಅಗಲವಾದ ಸಂದನ್ನು ಎರಡು ಬೆರಳಿನಷ್ಟಕ್ಕೆ ಇಳಿಸಿ, ಉರಿಯು ಹಂಡೆಯ ಮೈಯನ್ನು ಸುತ್ತಿ ಬರುವಂತೆ ಮಾಡಿದರು. ತಳಕ್ಕೆ ಕಬ್ಬಿಣದ ಜಾಲರಿ, ಬಾಯಿಗೆ ತಗಡಿನ ಬಾಗಿಲು, ಹಂಡೆಗೆ ಬಿಗಿಯಾದ ಮುಚ್ಚಳ ಬಂದವು. ಊರಿನ ಗೌಂಡಿಯೊಬ್ಬನ ನೆರವಿನಿಂದ ಹೊಗೆಯ ಕೊಳವೆಯೂ ನಿಂತಿತು.

ಆದರೆ ಮೊದಲ ದಿನವೇ ಅಪಜಯ. ಒಲೆ ಹೊತ್ತಿಸಿದೊಡನೆ ಬಚ್ಚಲು ಮೊದಲಿಗಿಂತಲೂ ದಟ್ಟವಾದ ಹೊಗೆಯಿಂದ ತುಂಬಿತು. ಬಚ್ಚಲಿನ ಹೆಂಚಿನ ಮಾಡು ಮನೆಯ ಮಾಳಿಗೆಗಿಂತ ತಗ್ಗು. ಮಾಳಿಗೆಯ ಗೋಡೆಗೆ ಬಡಿದ ಗಾಳಿಯು ಕೆಳಕ್ಕೆ ಸುತ್ತಿಕೊಂಡು ಹೊಗೆಯನ್ನು ಕೊಳವೆಯೊಳಕ್ಕೇ ನೂಕುತ್ತಿತ್ತು. ಅಕ್ಕಪಕ್ಕದವರು ನಕ್ಕರು. ಮಾಸ್ತರರು ಎದೆಗುಂದದೆ ಕೊಳವೆಯನ್ನು ಮಾಳಿಗೆಯ ಗೋಡೆಗಿಂತ ಎರಡು ಅಡಿ ಮೇಲಕ್ಕೆ ಏರಿಸಿದರು. ಮೂರನೆಯ ಮುಂಜಾನೆ ಹೊಗೆಯು ನೆಟ್ಟಗೆ ಆಕಾಶದತ್ತ ಸಾಗಿತು. ಬಚ್ಚಲಿನೊಳಗೆ ಕಣ್ಣೊರೆಸಿಕೊಳ್ಳದೆ ನಿಲ್ಲುವುದು ಸಾಧ್ಯವಾಯಿತು. ಐದು ದಿನಕ್ಕೆ ಮುಗಿಯುತ್ತಿದ್ದ ಕಟ್ಟಿಗೆಯ ಹೊರೆ ಎಂಟು ದಿನ ಬರತೊಡಗಿದ್ದನ್ನು ಮೊಮ್ಮಗನು ವಹಿಯಲ್ಲಿ ದಾಖಲಿಸಿದನು.

ಈ ಯಶಸ್ಸಿನಿಂದ ಉತ್ತೇಜಿತರಾದ ಧರ್ಮಪತ್ನಿಯವರು ಅಡುಗೆಮನೆಗೊಂದು ಹುಲ್ಲಿನ ಪೆಟ್ಟಿಗೆಯನ್ನು ತಾವೇ ಸಿದ್ಧಪಡಿಸಿದರು. ಹಳೆಯ ಕಟ್ಟಿಗೆಯ ಪೆಟ್ಟಿಗೆಯಲ್ಲಿ ಒಣಹುಲ್ಲನ್ನು ಒತ್ತಾಗಿ ತುಂಬಿ, ನಡುವೆ ಪಾತ್ರೆ ಕೂಡುವಷ್ಟು ಜಾಗ ಬಿಟ್ಟು, ಮೇಲೆ ಹುಲ್ಲು ತುಂಬಿದ ದಿಂಬನ್ನಿಟ್ಟರಾಯಿತು. ನೆನೆಸಿದ ತೊಗರಿಬೇಳೆಯನ್ನು ಗ್ಯಾಸಿನ ಮೇಲೆ ಕಾಲು ತಾಸು ಚೆನ್ನಾಗಿ ಕುದಿಸಿ, ಮುಚ್ಚಳ ತೆಗೆಯದೆ ಪೆಟ್ಟಿಗೆಯಲ್ಲಿಟ್ಟರೆ ಎರಡು ತಾಸಿನಲ್ಲಿ ತಾನೇ ಬೇಯುತ್ತಿತ್ತು. ಬಡಿಸುವ ಮೊದಲು ಮತ್ತೊಮ್ಮೆ ಕುದಿಸಿ ಒಗ್ಗರಣೆ ಹಾಕುವುದಷ್ಟೇ ಉಳಿದ ಕೆಲಸ. ಹುಲ್ಲಿನ ನಡುವೆ ಸಿಕ್ಕಿಕೊಂಡ ಗಾಳಿಯು ಶಾಖವನ್ನು ಹೊರಬಿಡದು. ಇದು ಮಾಸ್ತರರು ಪ್ರತಿವರುಷ ಬೋಧಿಸುತ್ತಿದ್ದ ಪಾಠವೇ. ಅದನ್ನು ಪ್ರಯೋಗಕ್ಕೆ ತಂದವರು ಮಾತ್ರ ಮನೆಯೊಡತಿ.

೨೦೨೩ರಲ್ಲಿ ರಾಜ್ಯದಲ್ಲಿ ಗೃಹಜ್ಯೋತಿ ಯೋಜನೆಯು ಆರಂಭವಾಗಿ, ಮಿತಿಯೊಳಗೆ ಬಳಸುವ ಮನೆಗಳಿಗೆ ತಿಂಗಳಿಗೆ ೨೦೦ ಯೂನಿಟ್ಟಿನವರೆಗೆ ವಿದ್ಯುತ್ತು ಶುಲ್ಕವಿಲ್ಲದೆ ದೊರೆಯತೊಡಗಿತ್ತು. ಹೀಗಿರುವಾಗ ಈ ಖಟಪಟಿ ಏತಕ್ಕೆಂದು ನೆರೆಯವರೊಬ್ಬರು ಕೇಳಿದರು. ರಾಯಚೂರಿನಲ್ಲಿ ಒಂದು ಯೂನಿಟ್ಟು ಹುಟ್ಟಲು ಅರ್ಧ ಕಿಲೋಗ್ರಾಮಿಗೂ ಮಿಕ್ಕಿ ಕಲ್ಲಿದ್ದಲು ಬೂದಿಯಾಗಬೇಕು. ಬಿಲ್ಲು ಸೊನ್ನೆಯಾದ ಮಾತ್ರಕ್ಕೆ ಆ ಹೊಗೆ ಸೊನ್ನೆಯಾಗದು. "ಅಲ್ಲೀ ಹೊಗಿನೂ ಯಾರೋ ಒಬ್ಬರ ಎದಿಗೆ ಹೋಗ್ತೈತಿ" ಎಂದು ಮಾಸ್ತರರು ಉತ್ತರಿಸಿದರು. ಮೊದಲ ವಹಿಯನ್ನು ಬರೆದಾಗ ಅವರ ಬಾಯಲ್ಲಿ ಈ ಮಾತು ಬರುತ್ತಿರಲಿಲ್ಲ.

ಆ ತಾಯಿಯ ಕೆಮ್ಮು ಸಂಪೂರ್ಣವಾಗಿ ನಿಂತಿತೆಂದು ಹೇಳಿದರೆ ಅತಿಶಯೋಕ್ತಿಯಾದೀತು. ಅನೇಕ ವರುಷಗಳ ಹೊಗೆಯು ಒಂದು ವರುಷದಲ್ಲಿ ಬಿಟ್ಟುಹೋಗುವಂಥದಲ್ಲ. ಆದರೆ ಮುಂದಿನ ಚಳಿಗಾಲದಲ್ಲಿ ರಾತ್ರಿಯ ನಿದ್ರೆಯು ಅವರಿಗೆ ಮರಳಿ ದೊರೆಯಿತು. ಮಾಳಿಗೆ ಸುಣ್ಣ ಕಂಡಿತು, ದೀಪಗಳು ಬದಲಾದವು, ಒಂದು ಫ್ಯಾನೂ ಹೊಸದಾಯಿತು. ಉಳಿದೆರಡು ಫ್ಯಾನುಗಳು ಮುಂದಿನ ವರುಷಗಳ ಪುಟಗಳಲ್ಲಿವೆ.

ಮನೆಮನೆಯಲ್ಲೂ ಇಂತಹ ವಹಿಯೊಂದು ತೆರೆಯಲಿ. ಗುರುಗಳಾದವರು ಮಕ್ಕಳ ಕೈಯಿಂದಲೇ ಅದನ್ನು ಬರೆಸಲಿ. ಆದರೆ ಒಟ್ಟು ಮೊತ್ತದ ಕೆಳಗೆ ಗೆರೆ ಎಳೆಯುವ ಮುನ್ನ ಅದನ್ನು ಮನೆಯಲ್ಲಿ ಎಲ್ಲರಿಗಿಂತ ಮೊದಲು ಎದ್ದು ಒಲೆ ಹೊತ್ತಿಸುವವರ ಮುಂದಿಟ್ಟು, ಬಿಟ್ಟುಹೋದದ್ದು ಏನೆಂದು ಕೇಳಲಿ. ಹೊಸ ವರುಷದ ಯೋಜನೆಯು ಆರಂಭವಾಗಬೇಕಾದದ್ದು ಅವರ ಉತ್ತರದಿಂದ.