ತಿಮ್ಮಾಪುರದ ನಾಲ್ಕು ದಿನಗಳು

ಕವಿಚಕ್ರವರ್ತಿ ರನ್ನನ ಜನ್ಮಭೂಮಿಯಾದ ಮುಧೋಳ ಸೀಮೆಯು ಘಟಪ್ರಭೆಯ ನೀರುಂಡು ಬೆಳೆದ ನಾಡು. 1948ರವರೆಗೆ ಘೋರ್ಪಡೆ ಅರಸರ ಆಳ್ವಿಕೆಯಲ್ಲಿದ್ದ ಈ ಸೀಮೆಯು ಬಳಿಕ ವಿಜಾಪುರ ಜಿಲ್ಲೆಗೆ ಸೇರಿ, 1997ರಿಂದ ಬಾಗಲಕೋಟೆ ಜಿಲ್ಲೆಯ ಅಂಗವಾಗಿದೆ. ಇಲ್ಲಿಯ ತಿಮ್ಮಾಪುರವೆಂದೊಡನೆ ಹೊರಗಿನವರಿಗೆ ನೆನಪಾಗುವುವು ಎರಡು: ರೈತರ ಸಹಕಾರಿ ಸಕ್ಕರೆ ಕಾರ್ಖಾನೆ ಮತ್ತು ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದ ಶ್ವಾನ ಸಂಶೋಧನ ಕೇಂದ್ರ. ನಮಗೆ ಮಾತ್ರ ಅದು ನನ್ನ ಸಹಧರ್ಮಿಣಿಯ ತಂಗಿಯ ಊರು.

ಎರಡು ವರುಷಗಳಿಂದ ಆಕೆಗೆ ಹೊಟ್ಟೆಯ ಬಾಧೆ. ಉಂಡೊಡನೆ ಉಬ್ಬರ, ನಡುರಾತ್ರಿಯಲ್ಲಿ ಉರಿ. ಒಬ್ಬ ವೈದ್ಯರು ಪಿತ್ತವೆಂದರು. ಮತ್ತೊಬ್ಬರು ಕರುಳಿನ ದೋಷವೆಂದರು. ಮೂರನೆಯವರು ವರದಿಗಳನ್ನು ತಿರುವಿಹಾಕಿ, ಏನೂ ಇಲ್ಲ, ಎಲ್ಲವೂ ಮನಸ್ಸಿನ ಚಿಂತೆ ಎಂದರು. ಅಂದು ಹೊರಗೆ ಬಂದ ಆಕೆ ಕೇಳಿದ ಮಾತು ಇದು: “ಏನೂ ಇಲ್ಲಂತ ಹೇಳತಾರ್ರೀ. ಹಂಗಾದ್ರ ಈ ನೋವು ಯಾರದು?” ವರದಿಯಲ್ಲಿ ಏನೂ ಕಾಣಲಿಲ್ಲ ಎಂಬುದಕ್ಕೂ ನೋವೇ ಇಲ್ಲ ಎಂಬುದಕ್ಕೂ ಅಜಗಜಾಂತರವಿದೆ. ಎಂಡೋಸ್ಕೋಪಿಯಲ್ಲಿ ಹುಣ್ಣು ಕಾಣದಿದ್ದರೂ ಜಠರವು ನಿಜವಾಗಿಯೇ ನೋಯಬಲ್ಲುದೆಂದು ಇಂದಿನ ವೈದ್ಯಶಾಸ್ತ್ರವೇ ಒಪ್ಪುತ್ತದೆ.

ತಿಮ್ಮಾಪುರದಲ್ಲಿ ಮೊದಲ ಪರೀಕ್ಷೆ ನಡೆದುದು ಊಟದ ಪಂಕ್ತಿಯಲ್ಲಿ. ಎಳೆಯ ಕಟಿರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಕೆನೆಮೊಸರು. “ಅಕ್ಕಾ, ಇನ್ನೊಂದ ರೊಟ್ಟಿ ತಗೋಳವಾ, ಎಷ್ಟ ಸೊರಗೀ!” ಎಂಬ ಪ್ರೀತಿಯ ಒತ್ತಾಯ. ಎಡೆಯಲ್ಲಿ ಬಿಟ್ಟರೆ ಪ್ರಸಾದಕ್ಕೆ ಅಪಚಾರವೆಂಬ ಅಳುಕು ಬೇರೆ. ಮಠದ ಪಂಕ್ತಿಯಲ್ಲಿ ಬೆಳೆದ ನಾನು ಅಲ್ಲಿ ಕಲಿತುದನ್ನು ಹೇಳಿದೆ: ಎಡೆಯಲ್ಲಿ ಬಿಡಬಾರದೆಂದರೆ ಹೆಚ್ಚು ಉಣ್ಣಬೇಕೆಂದಲ್ಲ; ಬೇಕಾದಷ್ಟನ್ನೇ ನೀಡಿಸಿಕೊಳ್ಳಬೇಕೆಂದು. ಮರುದಿನದಿಂದ ಆಕೆಯ ತಟ್ಟೆಗೆ ಮೆತ್ತನೆಯ ಜೋಳದ ನುಚ್ಚು, ತಿಳಿಮಜ್ಜಿಗೆ ಬಂದವು. ಒತ್ತಾಯ ನಿಂತಿತು. ನೆರೆಹೊರೆಯವರ ಸಲಹೆಗಳು ಮಾತ್ರ ನಿಲ್ಲಲಿಲ್ಲ. ಒಬ್ಬರು ಜೀರಿಗೆ ಕಷಾಯವೆಂದರು, ಇನ್ನೊಬ್ಬರು ನಾಭಿ ಸರಿದಿದೆ, ತಿಕ್ಕಿಸಬೇಕೆಂದರು.

ಒಂದು ಸಂಜೆ ಶ್ವಾನ ಕೇಂದ್ರಕ್ಕೆ ಹೋದೆವು. ಮುಧೋಳ ನಾಯಿಗೆ 2005ರಲ್ಲಿ ಅಂಚೆಚೀಟಿಯ ಗೌರವ ದೊರೆತಿದೆ. 2016ರಲ್ಲಿ ಭಾರತೀಯ ಸೇನೆಯು ಈ ತಳಿಯನ್ನು ಮೀರತ್ತಿನಲ್ಲಿ ತರಬೇತಿಗೆ ಪಡೆದುಕೊಂಡಿತು. ನೀಳವಾದ ಕಾಲು, ಬೆನ್ನಿಗೆ ಅಂಟಿದಂಥ ಹೊಟ್ಟೆ. ಅವನ್ನು ನೋಡಿ ಆಕೆ, “ಇವಕ್ಕ ಯಾರೂ ಯಾಕ ಸೊರಗೀರಿ ಅಂತ ಕೇಳೂದಿಲ್ಲ ನೋಡ್ರಿ” ಎಂದು ನಕ್ಕಳು. ಬಹುದಿನಗಳ ಮೇಲೆ ಕೇಳಿದ ನಗೆ ಅದು.

ಆದರೆ ನನಗೆ ದಾರಿ ತೋರಿಸಿದ್ದು ಷಡ್ಡಕರ ಮನೆಯ ಗೋಡೆಯ ಒಂದು ತಂತಿ. ಕಾರ್ಖಾನೆಗೆ ಕಳಿಸಿದ ಕಬ್ಬಿನ ಒಂದೊಂದು ಗಾಡಿಯ ತೂಕದ ಚೀಟಿಯನ್ನೂ ಅದಕ್ಕೆ ಸಿಕ್ಕಿಸಿದ್ದರು. “ಲೆಕ್ಕದ ಹೊತ್ತಿಗೆ ಬಾಯಿಮಾತು ನಡಿಯೂದಿಲ್ರಿ, ಚೀಟಿ ಬೇಕು” ಎಂದರು. ರೋಗಿಯ ಸ್ಥಿತಿಯೂ ಹಾಗೆಯೇ ಅಲ್ಲವೇ? ವೈದ್ಯರ ಮುಂದಿರುವ ಐದು ನಿಮಿಷಗಳಲ್ಲಿ ಎರಡು ವರುಷದ ನೋವು ನೆನಪಿಗೆ ಬಾರದು. ಅಂದೇ ಒಂದು ನೋಟುಬುಕ್ಕು ತಂದು, ಉಂಡದ್ದು, ಉಂಡ ಹೊತ್ತು, ನೋವು ಬಂದ ಹೊತ್ತು, ಮಲವಿಸರ್ಜನೆ, ತೂಕ, ನುಂಗುವ ಪ್ರತಿಯೊಂದು ಗುಳಿಗೆ, ಹೀಗೆ ಆಕೆ ಹೇಳಿದಂತೆ ಬರೆಯತೊಡಗಿದೆ.

ಒಂದು ತಿಂಗಳ ಬಳಿಕ ಮತ್ತೊಬ್ಬ ವೈದ್ಯರು ಆ ಪುಟಗಳನ್ನು ಸಾವಕಾಶವಾಗಿ ಓದಿ, ಮೊಣಕಾಲಿಗೆಂದು ಬೇರೊಬ್ಬರು ಬರೆದುಕೊಟ್ಟಿದ್ದ ನೋವಿನ ಗುಳಿಗೆಯ ಮೇಲೆ ಬೆರಳಿಟ್ಟರು. ಇಂಥ ಗುಳಿಗೆಗಳು ಜಠರದ ಒಳಪದರವನ್ನು ಕೆಡಿಸಬಲ್ಲವು. ಅದನ್ನು ನಿಲ್ಲಿಸಿ ಬೇರೆ ಉಪಾಯ ಹೇಳಿದರು. ಉರಿ ತಗ್ಗಿದೆ; ಉಬ್ಬರ ಪೂರ್ತಿಯಾಗಿ ಹೋಗಿಲ್ಲ. ಚಿಕಿತ್ಸೆ ನಡೆದಿದೆ.

ವೈದ್ಯರಲ್ಲಿ ಮತಭೇದವಿದ್ದ ಮಾತ್ರಕ್ಕೆ ಶಾಸ್ತ್ರವನ್ನೇ ತೊರೆಯಬಾರದು. ಜಠರದ ಹುಣ್ಣಿಗೆ ಚಿಂತೆ, ಖಾರಗಳೇ ಕಾರಣವೆಂದು ಲೋಕವು ಬಹುಕಾಲ ನಂಬಿತ್ತು. 1982ರಲ್ಲಿ ಆಸ್ಟ್ರೇಲಿಯಾದ ಪರ್ತ್ ನಗರದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಅದರ ಹಿಂದೆ ಹೆಲಿಕೋಬ್ಯಾಕ್ಟರ್ ಪೈಲೊರಿ ಎಂಬ ರೋಗಾಣುವಿರುವುದನ್ನು ಕಂಡರು. ಬಲ್ಲವರು ನಂಬದಿರಲು, 1984ರಲ್ಲಿ ಮಾರ್ಷಲ್ ಆ ರೋಗಾಣುವನ್ನು ತಾನೇ ಕುಡಿದು ಜಠರದ ಉರಿಯೂತವನ್ನು ಅನುಭವಿಸಿದ. 2005ರಲ್ಲಿ ಇಬ್ಬರಿಗೂ ನೊಬೆಲ್ ಪಾರಿತೋಷಕ ದೊರೆಯಿತು. ಇಂದು ಉಸಿರಿನ ಅಥವಾ ಮಲದ ಪರೀಕ್ಷೆಯಿಂದಲೇ ಇದನ್ನು ಪತ್ತೆಹಚ್ಚಬಹುದು. ಆದರೆ ಆಮ್ಲ ತಗ್ಗಿಸುವ ಗುಳಿಗೆ ನುಂಗುತ್ತಿದ್ದರೆ ರೋಗಾಣು ಇದ್ದರೂ ಇಲ್ಲವೆಂದು ತೋರಬಹುದು. ಆದುದರಿಂದ ಪರೀಕ್ಷೆಗೆ ಮೊದಲೇ ವೈದ್ಯರಿಗೆ ತಿಳಿಸಬೇಕು. ಔಷಧವನ್ನೂ ಹೇಳಿದಷ್ಟು ದಿನ ಪೂರ್ತಿ ನುಂಗಬೇಕು.

ಕೆಲವು ಲಕ್ಷಣಗಳಿಗಂತೂ ನೋಟುಬುಕ್ಕು ಬರೆಯುತ್ತ ಕಾಯಲಾಗದು: ಮಲ ಕಪ್ಪಾಗುವುದು, ರಕ್ತವಾಂತಿ, ಕಾರಣವಿಲ್ಲದೆ ತೂಕ ಇಳಿಯುವುದು, ನುಂಗಲು ತೊಡಕು, ನಿಲ್ಲದ ವಾಂತಿ. ಇವು ಕಂಡರೆ ಕಷಾಯ, ತಿಕ್ಕುವಿಕೆಗಳನ್ನು ಬದಿಗಿರಿಸಿ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಸಹೃದಯ ವಾಚಕರೇ, ನಮ್ಮ ಮನೆಗಳಲ್ಲಿ ಗೃಹಿಣಿಯ ಹೊಟ್ಟೆನೋವು ಎಲ್ಲರ ಊಟ ಮುಗಿದ ಮೇಲೆ ನೆನಪಾಗುವ ಸಂಗತಿ. ಸಂಗಾತಿಯಾದವನು ವೈದ್ಯನಾಗಬೇಕಿಲ್ಲ. ನೋವನ್ನು ನಂಬಬೇಕು, ನೆನಪಿನ ಭಾರ ಹೊರಬೇಕು, ವೈದ್ಯರ ಬಾಗಿಲಲ್ಲಿ ಜೊತೆಗೆ ಕುಳಿತಿರಬೇಕು. ಉತ್ತರ ತಡವಾಗಿ ಬಂದೀತು. ಅಲ್ಲಿಯವರೆಗೆ ಆಕೆ ಒಬ್ಬಳೇ ಕಾಯದಿರಲಿ.